ವಾದವಿದ್ಯೆಯೂ ಗದ್ಯರಚನೆಯೂ: ಕರ್ಣಾಟಕದ ಚರ್ಚಾಪದ್ಧತಿಯ ಇತಿಹಾಸದಿಂದ ಕೆಲವು ವಿಚಾರಗಳು

ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಕುಳಿತವರಿಗೆಲ್ಲ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ವೇದಿಕೆಯ ಮೇಲೆ ಐದು ನಿಮಿಷ ತಡವರಿಸದೆ ಮಾತನಾಡಿ ಪರ್ಯಾಯ ಪಾರಿತೋಷಕವನ್ನು ಗೆದ್ದ ವಿದ್ಯಾರ್ಥಿಯೇ, ಪರೀಕ್ಷೆಯಲ್ಲಿ ‘ವಿಮರ್ಶಿಸಿರಿ’ ಎಂಬ ಪ್ರಶ್ನೆಗೆ ಉತ್ತರವಾಗಿ ಇಸವಿಗಳನ್ನೂ ಹೆಸರುಗಳನ್ನೂ ಸಾಲಾಗಿ ಒಪ್ಪಿಸಿ ಮುಗಿಸುವುದುಂಟು. ಚೆನ್ನಾಗಿ ಮಾತನಾಡಬಲ್ಲವನು ಚೆನ್ನಾಗಿ ವಾದಿಸಿ ಬರೆಯಲೂ ಬಲ್ಲನೆಂಬ ನಂಬಿಕೆಯಿಂದಲೇ ನಾವು ಈ ಸ್ಪರ್ಧೆಗಳನ್ನು ನಡೆಸುತ್ತ ಬಂದಿದ್ದೇವೆ. ಈ ನಂಬಿಕೆಗೆ ಆಧಾರವೆಷ್ಟು? ಇದು ಶಿಕ್ಷಣಶಾಸ್ತ್ರಜ್ಞರು ನಿರ್ಣಯಿಸತಕ್ಕ ವಿಷಯವೆಂದು ಇತಿಹಾಸದ ಅಧ್ಯಾಪಕರು ಸುಮ್ಮನಿರಬೇಕಾಗಿಲ್ಲ. ವಾದಮಾಡುವುದನ್ನು ಒಂದು ವಿದ್ಯೆಯಾಗಿ ಅಭ್ಯಾಸಮಾಡಿಸಿದ ಪರಂಪರೆಗಳು ಕನ್ನಡನಾಡಿನಲ್ಲಿ ಬಹುಕಾಲದಿಂದ ಇವೆ. ಅವುಗಳಲ್ಲಿ ಕೆಲವು ಮಾತುಗಾರರನ್ನು ಮಾತ್ರ ಬೆಳೆಸಿದುವು. ಕೆಲವು ಗ್ರಂಥಕರ್ತರನ್ನೂ ಬೆಳೆಸಿದುವು. ಈ ಭೇದ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಕರ್ಣಾಟಕದ ವಾದಸಭೆಗಳೆಂದೊಡನೆ ನೆನಪಿಗೆ ಬರುವುದು ಶ್ರವಣಬೆಳಗೊಳದ ಶಾಸನಗಳು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಜೈನಾಚಾರ್ಯರ ಪರಂಪರೆಯನ್ನು ವರ್ಣಿಸುತ್ತ, ಸಮಂತಭದ್ರರು ಊರೂರುಗಳಲ್ಲಿ ಭೇರಿಯನ್ನು ಹೊಡೆಯಿಸಿ ವಾದಕ್ಕೆ ಆಹ್ವಾನವಿತ್ತ ಕಥೆಯನ್ನೂ, ಅಕಲಂಕರು ಬೌದ್ಧರನ್ನು ಜಯಿಸಿದ ಕಥೆಯನ್ನೂ ಹೇಳುತ್ತದೆ. ಇಂಥ ಪ್ರಶಸ್ತಿಗಳನ್ನು ನಮ್ಮ ಪಠ್ಯಪುಸ್ತಕಗಳು ವಾದವಿದ್ಯೆಯ ಉನ್ನತಿಗೆ ಸಾಕ್ಷ್ಯವೆಂದು ಉದಾಹರಿಸುವುದು ವಾಡಿಕೆ. ಆದರೆ ಒಂದು ಮಾತನ್ನು ಗಮನಿಸಬೇಕು. ಗೆದ್ದವರು ಯಾರೆಂಬುದನ್ನು ಪ್ರಶಸ್ತಿ ತಿಳಿಸುತ್ತದೆ. ಸೋತವನು ಏನು ಹೇಳಿದನೆಂಬುದನ್ನು ತಿಳಿಸುವುದಿಲ್ಲ. ಅದು ವಿಜಯದ ದಾಖಲೆಯೇ ಹೊರತು ವಾದದ ದಾಖಲೆಯಲ್ಲ. ಇಂದಿನ ಕಾಲೇಜು ವಾರ್ಷಿಕ ಸಂಚಿಕೆಗಳಲ್ಲಿ ಪಾರಿತೋಷಕ ಹಿಡಿದು ನಿಂತವರ ಭಾವಚಿತ್ರ ಮಾತ್ರ ಅಚ್ಚಾಗಿ ಅವರು ಆಡಿದ ಮಾತು ಎಲ್ಲಿಯೂ ಉಳಿಯದಿರುವಂತೆಯೇ ಇದೂ ಎನ್ನಬಹುದು. ಸೋತವನ ಮಾತನ್ನು ಅರಿಯಬೇಕಾದರೆ ಶಾಸನಗಳನ್ನು ಬಿಟ್ಟು ಶಾಸ್ತ್ರಗ್ರಂಥಗಳಿಗೆ ಹೋಗಬೇಕಾಗುತ್ತದೆ.

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಈ ಶಾಸ್ತ್ರವಿಚಾರವೆಲ್ಲ ದೂರದ ಕಾಶಿಯದೋ ಮಿಥಿಲೆಯದೋ ಎಂದು ತೋರಬಹುದು. ಆದರೆ ಅದೇ ತಾಲ್ಲೂಕಿನ ಅಬ್ಬೂರಿನಲ್ಲಿಯೇ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಹದಿನೈದನೆಯ ಶತಮಾನದ ಈ ಯತಿಗಳ ಶಿಷ್ಯರೇ ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು. ಗುರುಗಳ ಕಾಲಾನಂತರ ಅವರು ಕಂಚಿಯಲ್ಲಿ ದರ್ಶನಗಳನ್ನು ಅಭ್ಯಾಸಮಾಡಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ವ್ಯಾಸಂಗ ಮುಂದುವರಿಸಿ, ಸಾಳುವ ನರಸಿಂಹನ ಆಸ್ಥಾನವನ್ನೂ ಆಮೇಲೆ ವಿಜಯನಗರವನ್ನೂ ಸೇರಿದರೆಂದು ಸೋಮನಾಥಕವಿಯ ‘ವ್ಯಾಸಯೋಗಿಚರಿತ’ದಿಂದ ತಿಳಿದುಬರುತ್ತದೆ. 1539ರಲ್ಲಿ ಅವರು ಕಾಲವಾದರು. ಅವರ ಬೃಂದಾವನ ಆನೆಗೊಂದಿಯ ಬಳಿ ಇದೆ. ರಾಜಸಭೆಗಳಲ್ಲಿ ಅವರು ಜಯಿಸಿದ ವಾದಗಳನ್ನು ಚರಿತಕಾರನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಅದೂ ಪ್ರಶಸ್ತಿಯ ಜಾತಿಗೇ ಸೇರಿದ್ದು. ನಮಗೆ ಇಲ್ಲಿ ಮುಖ್ಯವಾದದ್ದು ಅವರು ಬರೆದ ‘ನ್ಯಾಯಾಮೃತ’ ಮತ್ತು ‘ತರ್ಕತಾಂಡವ’ಗಳ ರಚನೆ.

ಈ ಗ್ರಂಥಗಳನ್ನು ತೆರೆದು ನೋಡಿದವರಿಗೆ ಮೊದಲು ಎದುರಾಗುವುದು ಗ್ರಂಥಕರ್ತನ ಮತವಲ್ಲ, ಎದುರಾಳಿಯ ಮತ. ‘ನ್ಯಾಯಾಮೃತ’ದಲ್ಲಿ ಅದ್ವೈತಿಗಳ ಒಂದೊಂದು ಸಿದ್ಧಾಂತವನ್ನೂ ಅವರ ಗ್ರಂಥಗಳಿಂದಲೇ ಎತ್ತಿಕೊಂಡು, ಅದಕ್ಕೆ ಎಷ್ಟು ಅರ್ಥಗಳು ಸಾಧ್ಯವೋ ಅಷ್ಟನ್ನೂ ವಿಂಗಡಿಸಿ, ಆಮೇಲೆ ಒಂದೊಂದನ್ನಾಗಿ ಪರೀಕ್ಷಿಸಲಾಗಿದೆ. ಪೂರ್ವಪಕ್ಷ ಮೊದಲು, ಸಿದ್ಧಾಂತ ಅನಂತರ. ಸಂಸ್ಕೃತದ ಶಾಸ್ತ್ರಗದ್ಯದಲ್ಲೆಲ್ಲ ಆಕ್ಷೇಪವನ್ನು ‘ನನು’ ಎಂದು ಆರಂಭಿಸಿ, ‘ಇತಿ ಚೇತ್’ ಎಂದು ಮುಗಿಸಿ, ‘ನ’ ಎಂಬ ಒಂದೇ ಅಕ್ಷರದಿಂದ ಉತ್ತರಕ್ಕೆ ತೊಡಗುವ ಪರಿಪಾಠವನ್ನು ಬಲ್ಲವರು ಬಲ್ಲರು. ‘ಹಾಗಾದರೆ ಹೀಗೆನ್ನಬಹುದಲ್ಲ — ಎನ್ನುವಿರಾದರೆ — ಅದು ಸಲ್ಲದು’ ಎಂಬುದು ಅದರ ಕನ್ನಡ. ಇದು ಎದುರುಬದುರು ಕುಳಿತ ಇಬ್ಬರ ಮಾತು ಓಲೆಗರಿಯ ಮೇಲೆ ಗದ್ಯವಾಗಿ ನಿಂತ ಬಗೆ. ಮಾತಿನ ಕ್ರಮವೇ ಬರೆಹದ ವ್ಯಾಕರಣವಾಯಿತು.

ಹೀಗಾಗಲು ಕಾರಣ ವಾದದ ನಿಯಮಗಳಲ್ಲಿಯೇ ಇದೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ರೂಪುಗೊಂಡ ನ್ಯಾಯಸೂತ್ರಗಳು ವಾದಿಯು ಸೋತನೆಂದು ನಿರ್ಣಯಿಸಲು 22 ‘ನಿಗ್ರಹಸ್ಥಾನ’ಗಳನ್ನು ಎಣಿಸಿವೆ. ಪ್ರತಿಜ್ಞೆಯನ್ನು ಬಿಟ್ಟುಕೊಡುವುದು, ವಿಷಯವನ್ನು ಬಿಟ್ಟು ಬೇರೆ ಮಾತಿಗೆ ತೊಡಗುವುದು, ಹೇಳಿದ್ದನ್ನೇ ಹೇಳುವುದು, ಕೆಲಸವಿದೆಯೆಂದು ನೆಪಹೇಳಿ ಸಭೆಯಿಂದ ಏಳುವುದು — ಇವೆಲ್ಲ ಅದರಲ್ಲಿ ಸೇರಿವೆ. (ಕೊನೆಯದನ್ನು ಕಲ್ಪಿಸಿದ ಸೂತ್ರಕಾರರು ಮನುಷ್ಯರನ್ನು ಚೆನ್ನಾಗಿಯೇ ಬಲ್ಲವರು.) ಇವುಗಳ ನಡುವೆ ‘ಅನನುಭಾಷಣ’ವೆಂಬುದೊಂದಿದೆ. ಪ್ರತಿವಾದಿಯು ಮೂರು ಸಲ ಹೇಳಿ, ಸಭೆಯೂ ಅರ್ಥಮಾಡಿಕೊಂಡ ಮಾತನ್ನು ವಾದಿಯು ತಿರುಗಿ ಹೇಳಲಾರದೆ ಹೋದರೆ ಅವನು ಅಲ್ಲಿಗೇ ಸೋತನು. ಅವನ ಉತ್ತರ ಎಷ್ಟೇ ಚತುರವಾಗಿರಲಿ, ಅದನ್ನು ಕೇಳುವ ಪ್ರಶ್ನೆಯೇ ಇಲ್ಲ. ಯಾವುದಕ್ಕೆ ಉತ್ತರವೆಂಬುದೇ ತಿಳಿಯದ ಉತ್ತರ ಉತ್ತರವಾಗಲಾರದು. ಎದುರಾಳಿಯ ಮಾತನ್ನು ಸಭೆಯ ಮುಂದೆ ಯಥಾವತ್ತಾಗಿ ಅನುವಾದಮಾಡುವ ಈ ಹೊಣೆಯನ್ನು ಹೊತ್ತು ಬೆಳೆದವನು ಲೇಖನಿ ಹಿಡಿದಾಗಲೂ ಅದನ್ನು ಇಳಿಸಲಾರನು.

ಇನ್ನೊಂದು ವಿಷಯವನ್ನು ನಮ್ಮ ಚರ್ಚಾಸ್ಪರ್ಧೆಗಳ ವ್ಯವಸ್ಥಾಪಕರು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ. ನೈಯಾಯಿಕರು ಕಥೆಯನ್ನು, ಎಂದರೆ ವಾಗ್ವ್ಯವಹಾರವನ್ನು, ಮೂರು ವಿಧವಾಗಿ ವಿಂಗಡಿಸಿದರು. ತತ್ತ್ವನಿರ್ಣಯಕ್ಕಾಗಿ ನಡೆಯತಕ್ಕದ್ದು ವಾದ. ಜಯಕ್ಕಾಗಿ ನಡೆಯತಕ್ಕದ್ದು ಜಲ್ಪ. ಸ್ವಂತ ಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡ. ಗುರುಶಿಷ್ಯರು ನಡಸುವುದು ವಾದವನ್ನು. ಅದರಲ್ಲಿ 22 ನಿಗ್ರಹಸ್ಥಾನಗಳೆಲ್ಲವನ್ನೂ ಪ್ರಯೋಗಿಸುವಂತಿಲ್ಲ. ತತ್ತ್ವಕ್ಕೆ ಬಾಧಕವಾದ ಕೆಲವನ್ನು ಮಾತ್ರ ಎತ್ತಿತೋರಿಸಬಹುದು. ಮಾತು ತಡವರಿಸಿತೆಂದೋ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲವೆಂದೋ ಶಿಷ್ಯನನ್ನು ಸೋತವನೆಂದು ಸಾರುವುದು ಅಲ್ಲಿ ಸಲ್ಲದು. ಮಧ್ವಾಚಾರ್ಯರು ‘ಕಥಾಲಕ್ಷಣ’ವೆಂಬ ಪ್ರಕರಣವನ್ನೇ ಈ ವಿಷಯಕ್ಕೆ ಮೀಸಲಿಟ್ಟು, ತೀರ್ಪುಗಾರರಾದ ಪ್ರಾಶ್ನಿಕರು ರಾಗದ್ವೇಷಗಳಿಲ್ಲದ ವಿದ್ವಾಂಸರಾಗಿರಬೇಕೆಂದು ವಿಧಿಸಿದ್ದಾರೆ. ಕಲಿಯುವ ವಾದ ಬೇರೆ, ಗೆಲ್ಲುವ ವಾದ ಬೇರೆ ಎಂಬ ವಿವೇಕ ಇದು. ನಮ್ಮ ಕಾಲೇಜುಗಳಲ್ಲಿ ವಾದವೆಂಬುದೇ ಇಲ್ಲ. ಇರುವುದೆಲ್ಲ ಜಲ್ಪ, ಅದೂ ವರ್ಷಕ್ಕೊಮ್ಮೆ. ಹೀಗಿರಲಾಗಿ ಸಭಾಕಂಪವುಳ್ಳ ವಿದ್ಯಾರ್ಥಿಗಳು ಮೂರು ವರ್ಷವೂ ಹಿಂದಿನ ಬೆಂಚಿನಲ್ಲಿ ಚಪ್ಪಾಳೆ ತಟ್ಟಿ ಹೊರಟುಹೋಗುವುದರಲ್ಲಿ ಆಶ್ಚರ್ಯವಿಲ್ಲ.

ವ್ಯಾಸತೀರ್ಥರ ಗ್ರಂಥದ ಮುಂದಿನ ಚರಿತ್ರೆ ಈ ಪದ್ಧತಿಯ ಶಕ್ತಿಯನ್ನು ತೋರಿಸುತ್ತದೆ. ಉತ್ತರದೇಶದ ಮಧುಸೂದನ ಸರಸ್ವತಿಗಳು ‘ನ್ಯಾಯಾಮೃತ’ಕ್ಕೆ ಹೆಚ್ಚುಕಡಿಮೆ ವಾಕ್ಯವಾಕ್ಯಕ್ಕೂ ಉತ್ತರವಾಗಿ ‘ಅದ್ವೈತಸಿದ್ಧಿ’ಯನ್ನು ಬರೆದರು. ಅದಕ್ಕೆ ಪ್ರತಿಯಾಗಿ ರಾಮಾಚಾರ್ಯರ ‘ನ್ಯಾಯಾಮೃತತರಂಗಿಣಿ’ ಹೊರಟಿತು. ಅದಕ್ಕೆ ಬ್ರಹ್ಮಾನಂದರು ಮತ್ತೆ ಉತ್ತರವಿತ್ತರು. ರಾಮಾಚಾರ್ಯರು ವೇಷಮರೆಸಿಕೊಂಡು ಮಧುಸೂದನರ ಬಳಿಯೇ ಶಿಷ್ಯರಾಗಿ ನಿಂತು ‘ಅದ್ವೈತಸಿದ್ಧಿ’ಯನ್ನು ಪಾಠ ಹೇಳಿಸಿಕೊಂಡ ಮೇಲೆಯೇ ಖಂಡನೆಗೆ ತೊಡಗಿದರೆಂದು ಐತಿಹ್ಯವಿದೆ. ಐತಿಹ್ಯವನ್ನು ಇತಿಹಾಸವೆಂದು ನಾವು ಒಪ್ಪಬೇಕಾಗಿಲ್ಲ. ಆದರೂ ಖಂಡಿಸಬೇಕಾದ ಗ್ರಂಥವನ್ನು ಅದರ ಕರ್ತೃವಿನಿಂದಲೇ ಕಲಿಯಬೇಕೆಂದು ಬಗೆದ ಸಮಾಜವು ಪೂರ್ವಪಕ್ಷಕ್ಕೆ ಎಷ್ಟು ಬೆಲೆ ಕೊಟ್ಟಿತ್ತೆಂಬುದಕ್ಕೆ ಅದು ಸಾಕ್ಷಿ.

ಈ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಅಬ್ಬೂರಿನ ಸುತ್ತಮುತ್ತಣ ಒಕ್ಕಲುಮಕ್ಕಳಿಗೆ ಅನನುಭಾಷಣವನ್ನು ಯಾರೂ ಕಲಿಸಲಿಲ್ಲ. ಸ್ತ್ರೀಯರ ಮಾತಂತೂ ದೂರ. ಹದಿನೈದನೆಯ ಶತಮಾನದಲ್ಲಿ ವಚನಗಳನ್ನು ಸಂವಾದರೂಪವಾಗಿ ಜೋಡಿಸಿದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮನ ಪ್ರಶ್ನೆಗಳಿಗೆ ಅಕ್ಕಮಹಾದೇವಿ ಸಭೆಯ ನಡುವೆ ನಿಂತು ಉತ್ತರ ಕೊಡುತ್ತಾಳೆ. ಅದು ಶರಣರ ಕಾಲಕ್ಕೆ ಸುಮಾರು ಮುನ್ನೂರು ವರ್ಷಗಳ ಅನಂತರದ ಸಂಕಲನವಾದುದರಿಂದ ಸಭೆಯ ವರದಿಯೆಂದು ಅದನ್ನು ಹಿಡಿಯಲಾಗದು. ಕನ್ನಡದಲ್ಲಿಯೇ, ಸ್ತ್ರೀಯೊಬ್ಬಳ ಬಾಯಿಂದ, ವಾದವನ್ನು ಬರೆಹವಾಗಿಸುವುದು ಸಾಧ್ಯವೆಂದು ಸಂಪಾದಕರು ಭಾವಿಸಿದ್ದರೆಂಬುದಂತೂ ನಿಜ.

ಮಠಗಳ ಹೊರಗೆ, ಸಾಮಾನ್ಯ ಜನರ ನಡುವೆ ಬೆಳೆದ ವಾದಕಲೆಗೆ ಉತ್ತಮ ನಿದರ್ಶನ ಕರಾವಳಿ, ಮಲೆನಾಡು ಮತ್ತು ಕಾಸರಗೋಡುಗಳ ತಾಳಮದ್ದಳೆ. ವೇಷವಿಲ್ಲದೆ ಕುಳಿತ ಅರ್ಥಧಾರಿಗಳು, ಭಾಗವತರು ಹಾಡಿದ ಪ್ರಸಂಗದ ಪದ್ಯವನ್ನು ಆಧಾರವಾಗಿಟ್ಟುಕೊಂಡು, ಆಶುವಾಗಿ ಮಾತು ಬೆಳೆಸುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಮರೆಯಿಂದ ಬಾಣಬಿಟ್ಟ ರಾಮನನ್ನು ವಾಲಿ ಕೇಳುವ ಪ್ರಶ್ನೆಗಳು ಇಂದಿಗೂ ಮುಗಿದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಅರ್ಥವನ್ನು ಕೇಳಲು ಜನ ರಾತ್ರಿಯಿಡೀ ಕುಳಿತಿರುತ್ತಿದ್ದರು. ಇಂದು ರಾಮನಾದವನು ನಾಳೆ ವಾಲಿಯಾಗಬಹುದು. ಆದಕಾರಣ ಎರಡು ಪಕ್ಷಗಳನ್ನೂ ಒಳಗಿನಿಂದ ಬಲ್ಲವನೇ ಒಳ್ಳೆಯ ಅರ್ಥಧಾರಿ. ಶಾಲೆಯಲ್ಲಿ ಹೆಚ್ಚು ಓದದವರೂ ಇಲ್ಲಿ ವಾಕ್ಪಟುಗಳಾದರು. ಮಾತಿನ ಧೈರ್ಯಕ್ಕೆ ಬೇಕಾದದ್ದು ಬಾರಿಬಾರಿಗೂ ಸಿಗುವ ಸರದಿ ಮತ್ತು ಕಿವಿಗೊಡುವ ಸಭೆ. ಎರಡನ್ನೂ ತಾಳಮದ್ದಳೆ ಯಥೇಚ್ಛವಾಗಿ ಕೊಟ್ಟಿತು. ಆದರೆ ಆ ಮಾತು ಬರೆಹವಾಗಬೇಕೆಂಬ ನಿರ್ಬಂಧ ಕಲೆಯ ಒಳಗೆ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಅರ್ಥ ಗಾಳಿಗೆ ಸೇರುತ್ತಿತ್ತು; ಅದನ್ನು ಧ್ವನಿಮುದ್ರಿಸಿ ಉಳಿಸಿದ್ದು ಇತ್ತೀಚಿನ ಕಾಲ. ಇದು ಕಲೆಯ ಕೊರತೆಯಲ್ಲ. ಮಾತಿನ ಅಭ್ಯಾಸ ತಾನಾಗಿ ಬರೆವಣಿಗೆಗೆ ಹರಿಯುವುದಿಲ್ಲವೆಂಬುದನ್ನು ಮಾತ್ರ ಇದು ತೋರಿಸುತ್ತದೆ. ನಡುವೆ ಒಂದು ಕಾಲುವೆಯನ್ನು ತೋಡಲೇಬೇಕು.

ಇಂಗ್ಲಿಷ್ ವಿದ್ಯಾಭ್ಯಾಸದೊಡನೆ ಬಂದ ಚರ್ಚಾಕೂಟದ ಮಾದರಿ ಬೇರೆಯದು. ಕೇಂಬ್ರಿಜ್‌ನಲ್ಲಿ 1815ರಲ್ಲಿಯೂ ಆಕ್ಸ್‌ಫರ್ಡ್‌ನಲ್ಲಿ 1823ರಲ್ಲಿಯೂ ಸ್ಥಾಪಿತವಾದ ಯೂನಿಯನ್‌ಗಳು ಪಾರ್ಲಿಮೆಂಟಿನ ಕಿರುರೂಪಗಳು. ನಿರ್ಣಯ, ಪರ, ವಿರೋಧ, ಮತಗಣನೆ ಎಲ್ಲ ಅಲ್ಲಿಯ ಅನುಕರಣೆ. ಕಲ್ಕತ್ತೆಯಲ್ಲಿ ಡಿರೋಜಿಯೋ 1828ರಲ್ಲಿ ತನ್ನ ಶಿಷ್ಯರಿಗಾಗಿ ನಡೆಸಿದ ಅಕಾಡೆಮಿಕ್ ಅಸೋಸಿಯೇಷನ್ನಿನ ಮೂಲಕ ಈ ಅಭ್ಯಾಸ ಭಾರತದಲ್ಲಿ ಬೇರೂರಿತು. ಮೈಸೂರು ಸಂಸ್ಥಾನದಲ್ಲಿ ಮಾತ್ರ ಒಂದು ವಿಶೇಷ ಸಂದರ್ಭ ಒದಗಿತು. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ, ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ಸೇರಿ 144 ಮಂದಿ ದಸರೆಯ ಮೈಸೂರಿನಲ್ಲಿ ಸರ್ಕಾರದ ಎದುರು ಕುಳಿತರು. ಸದಸ್ಯರು ನಾಮಕರಣ ಹೊಂದಿದವರು. ಚುನಾವಣೆ ಬಂದದ್ದು 1891ರಲ್ಲಿ. ಸಭೆಗೆ ಶಾಸನಮಾಡುವ ಅಧಿಕಾರವಿರಲಿಲ್ಲ. ವರ್ಷದ ವರದಿಯನ್ನು ಕೇಳಿ ಅಹವಾಲು ಹೇಳಿಕೊಳ್ಳುವುದಷ್ಟೇ ಅದರ ಕಾರ್ಯ. ಆದರೂ ಕೆರೆಯ ದುರಸ್ತಿಯನ್ನೋ ಕಂದಾಯದ ಭಾರವನ್ನೋ ಕುರಿತು ಅಧಿಕಾರಿಗಳಿಗೆ ಒಪ್ಪಿಗೆಯಾಗುವಂತೆ ಕಾರಣಕೊಟ್ಟು ಹೇಳಬೇಕಾದ ಅಗತ್ಯವು ಹಳ್ಳಿಯ ಮುಖಂಡರಿಗೆ ಮೊದಲಬಾರಿಗೆ ಹೀಗೆ ವರ್ಷವರ್ಷವೂ ಒದಗಿತು. 1949ರಲ್ಲಿ ರದ್ದಾಗುವವರೆಗೆ ಈ ಸಭೆಯೇ ಸಂಸ್ಥಾನದ ದೊಡ್ಡ ಚರ್ಚಾಶಾಲೆಯಾಗಿತ್ತೆಂದರೆ ಅತಿಶಯವಲ್ಲ.

ಕಾಲೇಜುಗಳಲ್ಲಿ ಕನ್ನಡದ ಚರ್ಚೆಗೆ ಸ್ಥಳ ದೊರಕಿಸಿದವು ಕರ್ಣಾಟಕ ಸಂಘಗಳು. ಅಲ್ಲಿಯವರೆಗೆ ತರಗತಿಯ ಭಾಷೆ ಇಂಗ್ಲಿಷ್, ಆದ್ದರಿಂದ ವಾದದ ಭಾಷೆಯೂ ಇಂಗ್ಲಿಷ್; ಮನೆಯಲ್ಲಿ ಆ ಭಾಷೆಯ ಗಾಳಿ ಬೀಸುತ್ತಿದ್ದ ಕೆಲವರಿಗೆ ಮಾತ್ರ ಬಾಯಿ ತೆರೆಯುತ್ತಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದುದು ನಮ್ಮ ವಿಷಯಕ್ಕೆ ಅತ್ಯಂತ ಪ್ರಕೃತವಾದ ಘಟನೆ. ಕೂಡಿ ಮಾತನಾಡುವ ಸಂಘವೂ ಬರೆದು ಪ್ರಕಟಿಸುವ ಪತ್ರಿಕೆಯೂ ಒಂದೇ ಮನೆಯವಾದುವು. ನಾವು ಹೇಳಿದ ಕಾಲುವೆ ಇದೇ. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಹಳ್ಳಿಪಟ್ಟಣಗಳಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ ಅವನ್ನು ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿದುದೂ ಇದೇ ಮಾರ್ಗದ ಮುಂದುವರಿಕೆ. ಕನ್ನಡದ ವೈಚಾರಿಕ ಗದ್ಯವು ಈ ಶತಮಾನದ ಹಿಂದಿನ ಶತಮಾನದ ಪೂರ್ವಾರ್ಧದಲ್ಲಿ ಪಡೆದ ಸರಳತೆಗೆ, ಅದನ್ನು ಮೊದಲು ಕೇಳುಗರ ಮುಂದೆ ಆಡಿ ನೋಡಲಾಗಿತ್ತೆಂಬುದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರನ್ನು ಇಲ್ಲಿ ನೆನೆಯಬಹುದು. 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುವಾಗ ಕರ್ಣಾಟಕ ಸಂಘದ ಕಾರ್ಯದರ್ಶಿಯಾಗಿದ್ದ ಇವರು, ಪುಣೆಯಲ್ಲಿ ನ್ಯಾಯಶಾಸ್ತ್ರ ಕಲಿತು, ಪ್ರಜಾಪ್ರತಿನಿಧಿ ಸಭೆಯ ಮೂಲಕ ಭಾರತದ ಸಂವಿಧಾನ ಸಭೆಗೆ ಏರಿದವರು. 1949ರ ನವೆಂಬರಿನಲ್ಲಿ ಅವರು ಸಂವಿಧಾನದ ಕರಡನ್ನು ವಿಮರ್ಶಿಸುತ್ತ, ವೀಣೆಯ ನಾದವನ್ನು ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡಿನ ಸಂಗೀತ ದೊರೆತಿದೆ ಎಂಬರ್ಥದ ಮಾತನಾಡಿದುದು ಪ್ರಸಿದ್ಧವಾಗಿದೆ. ಮುಖ್ಯಮಂತ್ರಿಯಾದ ಮೇಲೆ, ಹಳೆಯ ಮೈಸೂರಿನ ಅನೇಕರ ವಿರೋಧದ ನಡುವೆ ಏಕೀಕರಣದ ಪಕ್ಷವನ್ನು ಸಮರ್ಥಿಸಿದರು. ಸಂಘದ ಕಾರ್ಯದರ್ಶಿತ್ವವೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಇತಿಹಾಸಕಾರನಿಗೆ ಸಲ್ಲದ ಮಾತು. ಹಳ್ಳಿಯಿಂದ ಬಂದ ಹುಡುಗನಿಗೆ ತನ್ನ ಭಾಷೆಯಲ್ಲಿ ಎದ್ದುನಿಂತು ಮಾತನಾಡಲು ಕಾಲೇಜಿನಲ್ಲಿ ಒಂದು ಜಾಗವಿತ್ತೆಂಬಷ್ಟು ಮಾತ್ರ ನಿಶ್ಚಿತ.

ಈಚಿನ ಸಂಶೋಧನೆಯೊಂದು ಹಳೆಯ ನೈಯಾಯಿಕರ ಪಕ್ಷವನ್ನೇ ಸಮರ್ಥಿಸುವಂತಿದೆ. ಡಿಯಾನಾ ಕೂನ್ ಮತ್ತು ಅಮಂಡಾ ಕ್ರೌವೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಶಾಲೆಯ ಮಕ್ಕಳು ಮೂರು ವರ್ಷಗಳ ಕಾಲ ಇಬ್ಬಿಬ್ಬರಾಗಿ ಜೊತೆಗೂಡಿ, ವಿರುದ್ಧ ಅಭಿಪ್ರಾಯದ ಇನ್ನೊಂದು ಜೋಡಿಯೊಡನೆ ಗಣಕಯಂತ್ರದ ಮೂಲಕ ಲಿಖಿತವಾಗಿ ವಾದಿಸಿದರು. ಇನ್ನೊಂದು ಗುಂಪಿಗೆ ರೂಢಿಯಂತೆ ಇಡೀ ತರಗತಿಯ ಚರ್ಚೆಯೂ ಪ್ರಬಂಧಲೇಖನವೂ ನಡೆದುವು. ಕೊನೆಯಲ್ಲಿ ಹೊಸ ವಿಷಯದ ಮೇಲೆ ಬರೆಸಿದ ಪ್ರಬಂಧಗಳಲ್ಲಿ, ಎರಡೂ ಪಕ್ಷಗಳನ್ನು ಎದುರಿಟ್ಟು ತೂಗುವ ಸಾಮರ್ಥ್ಯ ಜೋಡಿಯಾಗಿ ವಾದಿಸಿದವರಲ್ಲಿಯೇ ಹೆಚ್ಚಾಗಿ ಕಂಡಿತು. ಪ್ರಬಂಧವನ್ನೇ ಅಭ್ಯಾಸಮಾಡಿದವರಿಗಿಂತ ಎದುರಾಳಿಯನ್ನು ಎದುರಿಸಿದವರು ಚೆನ್ನಾಗಿ ಬರೆದರೆಂಬುದು ಗಮನಾರ್ಹ. ಆ ಮಕ್ಕಳಿಗೆ ಎದುರಾಳಿಯ ಮಾತು ಕಣ್ಣೆದುರು ಅಕ್ಷರವಾಗಿ ಉಳಿಯುತ್ತಿತ್ತು. ತಪ್ಪಾಗಿ ಅನುವಾದಿಸಲು ಅವಕಾಶವೇ ಇರಲಿಲ್ಲ.

ಈ ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ನಮ್ಮ ಪದವಿ ತರಗತಿಯಲ್ಲಿ ಒಂದು ಪ್ರಯತ್ನ ನಡೆಸಿದೆವು. ‘1881ರ ಪ್ರಜಾಪ್ರತಿನಿಧಿ ಸಭೆಯು ನಿಜವಾಗಿ ಪ್ರಜೆಗಳ ಪ್ರತಿನಿಧಿಯಾಗಿತ್ತೆ?’ ಎಂಬುದು ವಿಷಯ. ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ, ಬಹುಮಾನವಿಲ್ಲ. ಮೂವರು ಮೂವರ ಗುಂಪು: ಒಬ್ಬರು ಪರ, ಒಬ್ಬರು ವಿರೋಧ, ಮೂರನೆಯವರು ಮಧ್ಯಸ್ಥ. ನಿಯಮ ಒಂದೇ: ಎದುರಾಳಿಯ ಮಾತನ್ನು ತಿರುಗಿ ಹೇಳಬೇಕು, ‘ಹೌದು, ನಾನು ಹೇಳಿದ್ದು ಅದೇ’ ಎಂದು ಅವರು ಒಪ್ಪುವತನಕ ತಮ್ಮ ಉತ್ತರಕ್ಕೆ ತೊಡಗುವಂತಿಲ್ಲ. ಮಧ್ಯಸ್ಥರು ಎರಡನ್ನೂ ಬರೆದುಕೊಳ್ಳಬೇಕು.

ಮೊದಲ ದಿನಗಳಲ್ಲಿ ಕಷ್ಟಪಟ್ಟವರು ಸ್ಪರ್ಧೆಗಳಲ್ಲಿ ಹೆಸರು ಮಾಡಿದವರು. ಕಂಠಪಾಠದ ಭಾಷಣಕ್ಕೆ ಎದುರಾಳಿ ಬೇಕಾಗುವುದಿಲ್ಲವಷ್ಟೆ. ಸುಲಭವಾಗಿ ಮಾತಿಗೆ ತೊಡಗಿದವರು ಅದುವರೆಗೆ ಬಾಯಿ ತೆರೆಯದಿದ್ದವರು. ಇದಕ್ಕೆ ಕಾರಣ ನಮಗೆ ತಡವಾಗಿ ಹೊಳೆಯಿತು. ಸಭಾಕಂಪವುಳ್ಳವರು ಅಂಜುವುದು ಮುಖ್ಯವಾಗಿ ಮೊದಲನೆಯ ವಾಕ್ಯಕ್ಕೆ. ಈ ನಿಯಮದಲ್ಲಿ ಮೊದಲನೆಯ ವಾಕ್ಯ ಅವರದಲ್ಲ, ಎದುರಿನವರದು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಾಲಗೆ ಸಡಿಲವಾಗಿರುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತಂದೆಯ ಪಕ್ಕದಲ್ಲಿ ನಿಂತು ಬೆಲೆಯ ವಿಷಯದಲ್ಲಿ ಒಂದು ರೂಪಾಯಿಯನ್ನೂ ಬಿಟ್ಟುಕೊಡದೆ ವಾದಿಸುವ ಹುಡುಗರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿಯೂ ಅವರು ಮೊದಲು ಮಾಡುವುದು ಕೊಳ್ಳುವವನು ಹೇಳಿದ ಬೆಲೆಯನ್ನು ಗಟ್ಟಿಯಾಗಿ ತಿರುಗಿ ಹೇಳುವುದು. ಮಾತು ಅವರಲ್ಲಿ ಇಲ್ಲದೆ ಇರಲಿಲ್ಲ. ತರಗತಿ ಅದನ್ನು ಕೇಳಿರಲಿಲ್ಲ.

ಬರೆವಣಿಗೆಯಲ್ಲಿ ಆದ ವ್ಯತ್ಯಾಸ ನಿಧಾನವಾಗಿ, ಮೊದಲು ಸಣ್ಣಸಣ್ಣ ಪದಗಳಲ್ಲಿ ಕಾಣಿಸಿಕೊಂಡಿತು. ‘ಮತ್ತು’, ‘ಅಲ್ಲದೆ’, ‘ಹಾಗೆಯೇ’ ಎಂದು ಸಂಗತಿಯ ಮೇಲೆ ಸಂಗತಿಯನ್ನು ಪೇರಿಸುತ್ತಿದ್ದ ಉತ್ತರಗಳಲ್ಲಿ ‘ಎನ್ನಬಹುದು’, ‘ಎಂದು ಒಪ್ಪಿದರೂ’, ‘ಆದರೆ ಇಷ್ಟರಿಂದಲೇ’ ಎಂಬ ಮಾತುಗಳು ಸುಳಿಯತೊಡಗಿದುವು. ಸದಸ್ಯರು ನಾಮಕರಣ ಹೊಂದಿದವರೆಂದು ಒಪ್ಪಿ, ಆದರೂ ತಾಲ್ಲೂಕಿನ ಅಹವಾಲು ಅವರ ಮೂಲಕವೇ ದಿವಾನರ ಕಿವಿಗೆ ಬಿದ್ದಿತೆಂದು ಒಬ್ಬ ವಿದ್ಯಾರ್ಥಿನಿ ಬರೆದಳು. ತಾನು ಚರ್ಚೆಯಲ್ಲಿ ವಿರೋಧಪಕ್ಷದಲ್ಲಿದ್ದಳೆಂಬುದನ್ನು ಅವಳ ಪ್ರಬಂಧದಿಂದ ಊಹಿಸುವುದು ಸಾಧ್ಯವಿರಲಿಲ್ಲ. ಇನ್ನು ಕೆಲವರ ಪ್ರಬಂಧಗಳು ಇದ್ದಂತೆಯೇ ಉಳಿದುವು. ವಿಚಾರಿಸಲಾಗಿ, ಅವರ ಗುಂಪುಗಳಲ್ಲಿ ಮಧ್ಯಸ್ಥರು ಏನನ್ನೂ ಬರೆದುಕೊಂಡಿರಲಿಲ್ಲ.

ಅರುವತ್ತು ಜನರ ತರಗತಿಯಲ್ಲಿ, ಪಾಠಪ್ರವಚನದ ಒತ್ತಡದ ನಡುವೆ, ಇದಕ್ಕೆ ವೇಳೆಯೆಲ್ಲಿ ಎಂದು ನಮ್ಮ ಸಹೋದ್ಯೋಗಿಗಳು ಕೇಳುವರು. ಆಕ್ಷೇಪ ಸರಿಯಾದುದೇ. ಒಂದು ಗಂಟೆಯಲ್ಲಿ ಇಪ್ಪತ್ತು ಗುಂಪುಗಳು ಒಮ್ಮೆಲೇ ಮಾತನಾಡಿದಾಗ ಪಕ್ಕದ ಕೊಠಡಿಯವರಿಗೆ ಆಗುವ ತೊಂದರೆಯನ್ನೂ ಅಲ್ಲಗಳೆಯಲಾಗದು. ಮಳೆಯಿಲ್ಲದ ದಿನಗಳಲ್ಲಿ ನಾವು ಹೊರಗಿನ ಹೊಂಗೆಮರಗಳ ಕೆಳಗೆ ಕೂಡಿಸಿದೆವು. ಪಠ್ಯಕ್ರಮದ ಒಂದು ಘಟಕವನ್ನು ಉಪನ್ಯಾಸದ ಬದಲು ಈ ರೀತಿಯಲ್ಲಿಯೇ ಮುಗಿಸಿದರೆ ಹೆಚ್ಚಿನ ವೇಳೆ ಬೇಕಾಗದೆಂಬುದು ನಮ್ಮ ಅನುಭವ. ವಾರ್ಷಿಕ ಸ್ಪರ್ಧೆಯನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಜಲ್ಪಕ್ಕೂ ಶಾಸ್ತ್ರಕಾರರು ಸ್ಥಾನ ಕೊಟ್ಟಿದ್ದಾರೆ. ಮಧ್ಯಸ್ಥರ ಟಿಪ್ಪಣಿ ಪುಸ್ತಕಗಳನ್ನು ಮಾತ್ರ ವಿಭಾಗದ ಗ್ರಂಥಾಲಯದಲ್ಲಿ ಇರಿಸಿದ್ದೇವೆ. ಬರುವ ವರ್ಷದ ಸ್ಪರ್ಧೆಯಲ್ಲಿ ಪ್ರತಿಯೊಬ್ಬ ಭಾಷಣಕಾರರೂ ಹಿಂದಿನವರ ವಾದವನ್ನು ಒಂದು ನಿಮಿಷ ಅನುವಾದಮಾಡಿದ ಮೇಲೆಯೇ ತಮ್ಮ ಮಾತನ್ನು ಆರಂಭಿಸತಕ್ಕದ್ದೆಂದು ನಿಯಮಾವಳಿಯಲ್ಲಿ ಸೇರಿಸಿದ್ದೇವೆ.